ಚಿಟ್ಟೆ ಸಾಕೋ ಬಲೆ ಪಂಜರ: ಪಂಜರಕ್ಕೆ ನಾಲ್ಕು ಸ್ಟಾರ್, ಜೊತೆಗೆ ಬಂದ ಪುಸ್ತಕಕ್ಕೆ ಒಂದೇ

ಬ್ರ್ಯಾಂಡ್ ಯಾವ್ದು ಅಂತ ಕೇಳ್ಬೇಡಿ, ಹೇಳಿದ್ರೂ ಪ್ರಯೋಜನ ಇಲ್ಲ, ಯಾಕಂದ್ರೆ ಇದೇ ಮಾಲನ್ನ ಆನ್‌ಲೈನಲ್ಲಿ ಹತ್ತು ಹೆಸರಲ್ಲಿ ಮಾರ್ತಿದಾರೆ, ಫೋಟೋನೂ ಅದೇ, ಫೋಟೋದಲ್ಲಿರೋ ಮಗುನೂ ಅದೇ. ನಾನು ತಗೊಂಡಿದ್ದು 40 ಸೆಂಟಿಮೀಟರ್ ಅಗಲ, 60 ಸೆಂಟಿಮೀಟರ್ ಎತ್ತರದ್ದು. ಬಿಳಿ ನೈಲಾನ್ ಬಲೆ, ಒಂದು ಪಕ್ಕ ಮಾತ್ರ ಪಾರದರ್ಶಕ ಪ್ಲಾಸ್ಟಿಕ್, ಮುಂದೆ ಜಿಪ್, ಮಡಚಿದ್ರೆ ಊಟದ ತಟ್ಟೆಯಷ್ಟೇ ಆಗುತ್ತೆ. ಜೊತೆಗೆ ಒಂದು ಪ್ಲಾಸ್ಟಿಕ್ ಭೂತಕನ್ನಡಿ, ಒಂದು ಡ್ರಾಪರ್, ಆಮೇಲೆ 12 ಪುಟದ ಒಂದು ಕಲರ್ ಪುಸ್ತಕ. ಎಲ್ಲಾ ಸೇರಿ 649 ರೂಪಾಯಿ. ಸೆಪ್ಟೆಂಬರಲ್ಲಿ ತಗೊಂಡಿದ್ದು, ಈಗ ಮಾರ್ಚ್, ಅಂದ್ರೆ ಬಾಕ್ಸ್ ಓಪನ್ ಮಾಡಿದ ದಿನಾನೇ ಐದು ಸ್ಟಾರ್ ಕುಟ್ಟೋರ ಥರ ಅಲ್ಲ, ಆರು ತಿಂಗಳು ಬಳಸಿ ಬರೀತಿದೀನಿ.

ತಗೊಳ್ಳೋಕೆ ಕಾರಣ ಮಗನ ಸ್ಕೂಲ್ ಪ್ರಾಜೆಕ್ಟ್. ಮೂರನೇ ಕ್ಲಾಸು, ವಿಷಯ "ಚಿಟ್ಟೆ ಮತ್ತು ಇತರ ಕೀಟಗಳು: ಹೋಲಿಕೆ, ವ್ಯತ್ಯಾಸ". ಎಲ್ಲರೂ ಮಾಡೋದು ಏನು, ಅಂಗಡೀಲಿ ಸಿಗೋ ಚಾರ್ಟ್ ತಂದು ಅಂಟಿಸೋದು. ನಮ್ಮನೇಲೂ ಅದೇ ಆಗ್ತಿತ್ತು, ಆದ್ರೆ ಅದೇ ವಾರ ಬಾಲ್ಕನಿ ಕರಿಬೇವಿನ ಗಿಡ ಒಂದು ಕಡೆಯಿಂದ ಬೋಳಾಗ್ತಾ ಬಂದು, ನೋಡಿದ್ರೆ ಎಲೆ ಮೇಲೆ ಹಕ್ಕಿ ಹಿಕ್ಕೆ ಥರ ಏನೋ ಅಂಟಿಕೊಂಡಿದೆ, ಒರೆಸೋಣ ಅಂತ ಬಟ್ಟೆ ತಗೊಂಡು ಹೋದ್ರೆ ಹಿಕ್ಕೆ ನಡೀತಿದೆ! ಅವತ್ತು ರಾತ್ರಿನೇ ಆರ್ಡರ್ ಮಾಡಿದೆ.

ಪಂಜರ ಬಂದಾಗ ಅಮ್ಮ ನಮ್ಮನೇಲೇ ಇದ್ರು. ಶಿಡ್ಲಘಟ್ಟದ ಕಡೆಯೋರು ನಾವು, ಅಮ್ಮ ಮೂವತ್ತು ವರ್ಷ ರೇಷ್ಮೆ ಹುಳ ಸಾಕಿದೋರು. ನಾನು ಪಂಜರ ಬಿಚ್ಚಿ ಹಾಲಲ್ಲಿ ನಿಲ್ಲಿಸಿ ಹೆಂಗಿದೆ ಅಂದ್ರೆ ಬಲೇನ ಎರಡು ಬೆರಳಲ್ಲಿ ಉಜ್ಜಿ ನೋಡಿ, "ಇದು ನಮ್ಮ ಊಜಿ ಪರದೆ ಅಲ್ವೇನೇ, ಇದಕ್ಕೆ 600 ಕೊಟ್ಯಾ" ಅಂದ್ರು. ಊಜಿ ಅಂದ್ರೆ ರೇಷ್ಮೆ ಹುಳ ಹಾಳು ಮಾಡೋ ನೊಣ, ಅದು ಒಳಗೆ ಬರ್ದೇ ಇರ್ಲಿ ಅಂತ ಹುಳದ ಮನೆ ಕಿಟಕಿಗೆ ಕಟ್ಟೋ ಬಲೆ ಅದು. 649 ಅಂತ ಹೇಳೋ ಧೈರ್ಯ ಬರ್ಲಿಲ್ಲ. ಈ ರಿವ್ಯೂನಲ್ಲಿ ಪಂಜರದ ಬಗ್ಗೆ ಏನೇ ಒಳ್ಳೇದು ಬಂದ್ರೂ ಅದರಲ್ಲಿ ಅರ್ಧ ಅಮ್ಮನ ಕೈಚಳಕ, ಪುಸ್ತಕ ನೋಡ್ಕೊಂಡು ಮಾಡಿದ್ರೆ ಒಂದು ಹುಳನೂ ಉಳೀತಿರ್ಲಿಲ್ಲ.

ಮೊದಲು ಪಂಜರ ಇಡೋ ಜಾಗ. ಪುಸ್ತಕದಲ್ಲಿ "ನೆರಳಿರುವ ಮೇಜಿನ ಮೇಲೆ ಇಡಿ" ಅಂತ ಒಂದೇ ಲೈನು. ಅಮ್ಮ ನಾಲ್ಕು ಕಾಫಿ ಬಸಿ ತಂದು ನೀರು ತುಂಬಿ, ಅದರೊಳಗೆ ಸ್ಟೂಲಿನ ಕಾಲು ಇಟ್ಟು ಅದರ ಮೇಲೆ ಪಂಜರ ಕೂರಿಸಿದ್ರು. ಊರಲ್ಲಿ ಹುಳದ ಮನೆ ಸ್ಟ್ಯಾಂಡಿಗೆ ಹಿಂಗೇ ಮಾಡೋದು, ಇಲ್ಲಾಂದ್ರೆ ಇರುವೆ ಒಂದು ರಾತ್ರೀಲಿ ತಟ್ಟೆ ಖಾಲಿ ಮಾಡುತ್ತೆ. ನಾನು ಜಾಣೆ ಥರ ಬಲೆ ಇದ್ಯಲ್ಲಮ್ಮ ಅಂದೆ. ಜಿಪ್ಪಿನ ತುದೀಲಿ ಒಂದು ಕಡ್ಡಿ ತೂರೋಷ್ಟು ಸಂದಿ ಇದೆ ಅಂತ ನಂಗೆ ಗೊತ್ತಾಗಿದ್ದು ಎರಡು ವಾರ ಆದ್ಮೇಲೆ, ಅಮ್ಮಂಗೆ ಮೊದಲನೇ ದಿನಾನೇ ಕಂಡಿತ್ತು. ಎರಡನೇದು, ಹಾಲಲ್ಲಿದ್ದ ಸೊಳ್ಳೆ ಮೆಷಿನ್ ಪ್ಲಗ್ಗಿಂದ ಕಿತ್ತು ಬೀರೂಲಿ ಇಟ್ಟು ಬೀಗ ಹಾಕಿದ್ರು. ಸೊಳ್ಳೆಗೆ ಹಾಕೋ ವಿಷ ಸೊಳ್ಳೆ ಅಂತ ಹೆಸರು ಕೇಳ್ಕೊಂಡು ಕೊಲ್ಲಲ್ಲ, ರೇಷ್ಮೆ ಹುಳಕ್ಕೂ ಆಗಲ್ಲ ಚಿಟ್ಟೆ ಹುಳಕ್ಕೂ ಆಗಲ್ಲ. ಆರು ತಿಂಗಳು ಸೊಳ್ಳೆ ಪರದೇಲಿ ಮಲಗಿದೀವಿ, ಹುಳ ಒಂದು ಪರದೆ ಒಳಗೆ, ನಾವೊಂದು ಪರದೆ ಒಳಗೆ.

ಇನ್ನು ಮೊಟ್ಟೆ. ಕರಿಬೇವಿಗೆ ಬರೋದು ಕಾಮನ್ ಮಾರ್ಮನ್ ಅನ್ನೋ ಕಪ್ಪು ಚಿಟ್ಟೆ, ಬೆಂಗಳೂರಲ್ಲಿ ಬೇಕಾದಷ್ಟಿದೆ, ಕರಿಬೇವು, ನಿಂಬೆ, ಬಿಲ್ವ ಈ ಜಾತಿ ಗಿಡಕ್ಕೇ ಬರೋದು. ಹೆಣ್ಣು ಚಿಟ್ಟೆ ಗಿಡದ ಸುತ್ತ ಸುಮ್ನೆ ಹಾರಾಡ್ತಿದೆ ಅನ್ಸುತ್ತೆ, ಸರಿಯಾಗಿ ನೋಡಿದ್ರೆ ಎಲೆ ಮೇಲೆ ಒಂದು ಸೆಕೆಂಡ್ ಕೂತು ಕಾಲಲ್ಲಿ ಟಪಟಪ ಅಂತ ಬಡೀತಿರುತ್ತೆ. ಅದು ರುಚಿ ನೋಡೋದು. ಚಿಟ್ಟೆಗೆ ಪಾದದಲ್ಲೇ ರುಚಿ ಗೊತ್ತಾಗುತ್ತೆ, ಇದು ನನ್ನ ಮರಿ ತಿನ್ನೋ ಎಲೆನೋ ಅಲ್ವೋ ಅಂತ ಕಾಲಿಟ್ಟು ತಿಳ್ಕೊಂಡು ಆಮೇಲೆ ಸಾಸಿವೆ ಕಾಳಷ್ಟು ಒಂದೇ ಒಂದು ಹಳದಿ ಮೊಟ್ಟೆ ಅಂಟಿಸಿ ಹೋಗುತ್ತೆ. ನೊಣನೂ ಹಿಂಗೇ ಅಂತೆ, ನಮ್ಮ ಊಟದ ಮೇಲೆ ಕೂತಾಗ ಮೊದಲು ಕಾಲಲ್ಲೇ ರುಚಿ ನೋಡೋದು. ಮಗ ಪ್ರಾಜೆಕ್ಟ್ ಬುಕ್ಕಲ್ಲಿ ಮೊದಲ ಹೋಲಿಕೆ ಅಂತ ಇದನ್ನೇ ಬರೆದ, ಚಿಟ್ಟೆ ಮತ್ತು ನೊಣ ಎರಡೂ ಕಾಲಲ್ಲಿ ನೆಕ್ಕುತ್ತವೆ ಅಂತ. ಮಿಸ್ಸು ಕೆಂಪು ಇಂಕಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ ಕಳಿಸಿದ್ರು.

ನಮ್ಮನೇಲಿ ಮೊಟ್ಟೆ 4 ದಿನಕ್ಕೆ ಒಡೀತು. ಹೊರಗೆ ಬಂದ ಮರಿ ಮೊದಲು ತಿಂದಿದ್ದು ತನ್ನ ಮೊಟ್ಟೆ ಸಿಪ್ಪೆನೇ. ಆಮೇಲೆ ತಿನ್ನೋದು, ಹಾಕೋದು, ತಿನ್ನೋದು, ಹಾಕೋದು. ಮಧ್ಯೆ ಒಂದಿನ ಮರಿ ಅಲ್ಲಾಡ್ದೇ ಕೂತ್ಬಿಡ್ತು, ಮಗ ಸತ್ತೋಯ್ತು ಅಂತ ಅಳು. ಅಮ್ಮ ನೋಡಿ "ಏನಾಗಿಲ್ಲ, ಜ್ವರಕ್ಕೆ ಕೂತಿದೆ" ಅಂದ್ರು. ರೇಷ್ಮೆ ಸಾಕೋರ ಮನೇಲಿ ಹುಳ ಚರ್ಮ ಬಿಡೋಕೆ ಕೂರೋದಕ್ಕೆ ಜ್ವರ ಅಂತಾನೇ ಹೇಳೋದು, ಒಂದನೇ ಜ್ವರ ಎರಡನೇ ಜ್ವರ ಅಂತ ನಾಲ್ಕು ಜ್ವರ, ನಾಲ್ಕು ಆದ್ಮೇಲೆ ದೊಡ್ಡ ಹುಳ. ಆ ಟೈಮಲ್ಲಿ ಸೊಪ್ಪು ಹಾಕಬಾರ್ದು, ಮುಟ್ಟಬಾರ್ದು. ಕರಿಬೇವಿನ ಹುಳಕ್ಕೂ ಲೆಕ್ಕ ಅಷ್ಟೇ, ನಾಲ್ಕು ಸಲ ಚರ್ಮ ಬಿಟ್ಟು ಐದನೇ ಹಂತಕ್ಕೆ ಬರುತ್ತೆ. ಕೀಟ ಅಂದ್ಮೇಲೆ ಎಲುಬು ಒಳಗಿಲ್ಲ, ಹೊರಗಿನ ಚರ್ಮಾನೇ ಅದರ ಚೌಕಟ್ಟು, ಅದು ಒಂದು ಮಟ್ಟಕ್ಕಿಂತ ಹಿಗ್ಗಲ್ಲ, ಬೆಳೀಬೇಕಂದ್ರೆ ಕಳಚಲೇಬೇಕು. ಜಿರಳೆನೂ ಕಳಚುತ್ತೆ, ಕಳಚಿದ ತಕ್ಷಣ ಬೆಳ್ಳಗೆ ಕಾಣುತ್ತಲ್ಲ, ಬಿಳಿ ಜಿರಳೆ ಅಂತ ನಾವು ಕಿರುಚೋದು ಅದನ್ನ ನೋಡೇ. ನಮ್ಮ ಪುಸ್ತಕದಲ್ಲಿ ಈ ಜ್ವರದ ಬಗ್ಗೆ ಒಂದಕ್ಷರ ಇಲ್ಲ. ಎಷ್ಟು ಮಕ್ಕಳು ಸತ್ತೋಯ್ತು ಅಂತ ಹುಳನ ಎಸೆದಿರ್ತಾರೋ.

ನಾಲ್ಕನೇ ಜ್ವರ ಕಳೆದ ಮೇಲೆ ಹಿಕ್ಕೆ ಬಣ್ಣ ಹೋಗಿ ಹಸಿರು ಹುಳ ಆಯ್ತು, ಎದೆ ಹತ್ರ ಎರಡು ಕಣ್ಣಿನ ಥರ ಮಚ್ಚೆ. ಅವು ಸುಳ್ಳು ಕಣ್ಣು, ನಿಜವಾದ ಕಣ್ಣು ತಲೆ ಪಕ್ಕ ಸೂಜಿಮೊನೆ ಚುಕ್ಕಿ ಥರ, ಒಂದೊಂದು ಕಡೆ ಆರಾರು. ಇದನ್ನ ಮುಟ್ಟಿದ್ರೆ ತಲೆ ಹಿಂದಿಂದ ಹಾವಿನ ನಾಲಿಗೆ ಥರ ಕವಲೊಡೆದ ಕೆಂಪು ಕೊಂಬು ಸರ್ ಅಂತ ಹೊರಗೆ ಬರುತ್ತೆ, ಜೊತೆಗೊಂದು ವಾಸನೆ, ಕೊಳೆತ ಹಣ್ಣಿಗೆ ನಿಂಬೆ ಹಿಂಡಿದಂಗೆ. ಇರುವೆ, ಜೇಡ ಇಂಥವನ್ನ ಓಡಿಸೋಕೆ ಅದು. ಪಕ್ಕದ ಮನೆ ಆಂಟಿಗೆ ತೋರಿಸಿದಾಗ ಅವರೇ ಓಡಿದ್ರು. ಅವರದ್ದು ಇನ್ನೊಂದು ತಕರಾರು, ನೀವು ಕಂಬಳಿಹುಳ ಸಾಕ್ತಿದೀರ, ಬಿಲ್ಡಿಂಗಿಗೆಲ್ಲ ಕಡಿತ ಬರುತ್ತೆ ಅಂತ. ಇದಕ್ಕೆ ಕೂದಲೇ ಇಲ್ಲ ಆಂಟಿ, ಕೈಗೆ ಹತ್ತಿಸ್ಕೊಂಡ್ರೂ ಏನೂ ಆಗಲ್ಲ, ತುರಿಸೋ ಕಂಬಳಿಹುಳಗಳು ಜಾಸ್ತಿ ಪತಂಗದ ಕಡೆಯವು ಅಂತ ನಾನು ಹೇಳಿದ್ದು ಅವರ ಕಿವಿಗೆ ಬೀಳ್ಲಿಲ್ಲ.

ಭೂತಕನ್ನಡಿ ಬಗ್ಗೆ ಇಲ್ಲೇ ಹೇಳ್ಬಿಡ್ತೀನಿ. ಆಟದ ಸಾಮಾನು ಅಂದ್ಕೊಂಡಿದ್ದೆ, ಪರವಾಗಿಲ್ಲ, ಕೆಲಸ ಮಾಡುತ್ತೆ. ಹುಳದ ಕಾಲು ಎಣಿಸೋಕೆ ಸಾಕು. ಎಣಿಸಿದ್ರೆ 16 ಬಂತು, ಮಗ ಜಗಳಕ್ಕೆ ನಿಂತ, ಕೀಟಕ್ಕೆ ಆರೇ ಕಾಲು ಅಂತ ಮಿಸ್ಸು ಹೇಳಿದಾರೆ ಅಂತ. ಮಿಸ್ಸೂ ಸರಿ, ಎಣಿಕೆನೂ ಸರಿ. ಎದೆ ಹತ್ರ ಇರೋ ಚೂಪಾದ ಮೂರು ಜೊತೆ ನಿಜವಾದ ಕಾಲು, ಚಿಟ್ಟೆ ಆದ್ಮೇಲೂ ಅದೇ ಆರು ಇರೋದು. ಹೊಟ್ಟೆ ಕೆಳಗಿನ ಐದು ಜೊತೆ ದಪ್ಪ ದಪ್ಪ ಗುಬುಟುಗಳು ಬಾಡಿಗೆ ಕಾಲು, ಅದರ ತುದೀಲಿ ಕೊಕ್ಕೆ ಸಾಲು ಇರುತ್ತೆ, ಅದಕ್ಕೇ ಬಲೆಯಿಂದ ಹುಳನ ಎಳೆದ್ರೆ ಅಷ್ಟು ಗಟ್ಟಿಯಾಗಿ ಹಿಡ್ಕೊಳ್ಳೋದು. ಎಳೀಬೇಡಿ, ಎಲೆ ಸಮೇತ ಎತ್ತಿಡಿ. ಜೇಡ ಕೀಟ ಅಲ್ಲ, ಎಂಟು ಕಾಲು, ಮೀಸೆನೂ ಇಲ್ಲ ರೆಕ್ಕೆನೂ ಇಲ್ಲ, ಅದನ್ನ ಇವರ ಪಂಕ್ತೀಲಿ ಕೂರಿಸ್ಬೇಡಿ, ಈ ಪುಸ್ತಕದ ಕೊನೇ ಪುಟದಲ್ಲಿ "ಚಿಟ್ಟೆಯ ಗೆಳೆಯ ಕೀಟಗಳು" ಅಂತ ಜೇಡನ ಚಿತ್ರನೂ ಹಾಕಿದಾರೆ. ಗೆಳೆಯನೂ ಅಲ್ಲ, ಕೀಟನೂ ಅಲ್ಲ.

ಪುಸ್ತಕದ ಮಾತು ಬಂತು, ಬೈದು ಮುಗಿಸ್ತೀನಿ. ಅದು ಪೂರ್ತಿ ಅಮೆರಿಕದ ಮೊನಾರ್ಕ್ ಚಿಟ್ಟೆ ಮೇಲೆ ಬರೆದಿರೋದು, ಯಾರೋ ಕನ್ನಡಕ್ಕೆ ತಂದು ಪ್ರಿಂಟ್ ಹಾಕಿದಾರೆ. "ಮಿಲ್ಕ್‌ವೀಡ್ ಎಲೆ ಹಾಕಿ, ಚಳಿಗಾಲದಲ್ಲಿ ಚಿಟ್ಟೆ ಮೆಕ್ಸಿಕೋಗೆ ಹೊರಡುತ್ತದೆ" ಅಂತೆ. ಯಶವಂತಪುರದಿಂದ ಮೆಕ್ಸಿಕೋಗೆ! ಹಂಗೆ ಹೇಳೋದಾದ್ರೆ ನಮ್ಮ ಕಡೆನೂ ಮೊನಾರ್ಕ್ ಸಂಬಂಧಿ ಇದೆ, ಪ್ಲೇನ್ ಟೈಗರ್, ಕಿತ್ತಳೆ ಬಣ್ಣದ್ದು, ಅದರ ಹುಳ ತಿನ್ನೋದು ಶನಿವಾರ ಆಂಜನೇಯನಿಗೆ ಹಾರ ಹಾಕ್ತೀವಲ್ಲ ಆ ಎಕ್ಕದ ಗಿಡಾನ. ಎಕ್ಕದ ಹಾಲಿನ ವಿಷ ಮೈಯಲ್ಲಿ ಇಟ್ಕೊಂಡು ಬೆಳೆಯುತ್ತೆ, ಹಕ್ಕಿ ಒಂದು ಸಲ ತಿಂದ್ರೆ ಇನ್ನೊಂದು ಸಲ ಹತ್ರ ಬರಲ್ಲ. ವಲಸೆನೂ ನಮ್ಮಲ್ಲೇ ಇದೆ, ಬ್ಲೂ ಟೈಗರ್, ಕ್ರೋ ಜಾತಿ ಚಿಟ್ಟೆಗಳು ಮುಂಗಾರಿಗೆ ಮುಂಚೆ ಪಶ್ಚಿಮ ಘಟ್ಟದಿಂದ ಪೂರ್ವದ ಬಯಲಿಗೆ, ಮಳೆ ಮುಗಿದ ಮೇಲೆ ವಾಪಸ್ಸು, ಗುಂಪು ಗುಂಪಾಗಿ ಬೆಂಗಳೂರು ಮೇಲೇ ಹಾದು ಹೋಗ್ತವೆ. ಇದನ್ನ ಒಂದು ಪುಟ ಬರೆದಿದ್ರೆ ಯಾರಿಗೆ ಏನು ನಷ್ಟ ಆಗ್ತಿತ್ತು.

ಅದಕ್ಕಿಂತ ದೊಡ್ಡ ಎಡವಟ್ಟು ಆರನೇ ಪುಟದ್ದು. "ಹುಳು ತನ್ನ ಸುತ್ತ ರೇಷ್ಮೆಯ ಗೂಡು ಕಟ್ಟಿ ಒಳಗೆ ಮಲಗುತ್ತದೆ" ಅಂತ ಬರೆದು ಮೊಟ್ಟೆ ಆಕಾರದ ಬಿಳಿ ಗೂಡಿನ ಚಿತ್ರ. ಅಮ್ಮಂಗೆ ಓದಿ ಹೇಳಿದ್ರೆ ಕನ್ನಡಕ ಹಾಕ್ಕೊಂಡು ಚಿತ್ರ ನೋಡಿ "ಇದು ನಮ್ಮ ಗೂಡು" ಅಂದ್ರು. ಹೌದು, ಅದು ರೇಷ್ಮೆ ಗೂಡೇ! ಅಲ್ಲಿಂದ ಮನೇಲಿ ಒಂದು ದೊಡ್ಡ ಚರ್ಚೆ ಶುರುವಾಯ್ತು, ಯಾಕಂದ್ರೆ ಅಮ್ಮಂಗೆ ರೇಷ್ಮೆ ಗೂಡು ಒಡ್ಕೊಂಡು ಬರೋದೂ ಚಿಟ್ಟೆನೇ, ಊರಲ್ಲಿ ಎಲ್ಲರೂ ಹೇಳೋದು ಗೂಡಿಂದ ಚಿಟ್ಟೆ ಬಂತು ಅಂತಾನೇ. ಓದಿದೋರ ಕನ್ನಡದಲ್ಲಿ ಅದು ಪತಂಗ. ಎರಡೂ ಒಂದೇ ವಂಶ, ರೆಕ್ಕೆ ಮೇಲೆ ಹುಡಿ ಇರೋ ವಂಶ, ಪ್ರಪಂಚದಲ್ಲಿ ಇವರ ಜಾತಿ ಒಂದೂವರೆ ಲಕ್ಷಕ್ಕೂ ಮೇಲೆ, ಅದರಲ್ಲಿ ನಾವು ಚಿಟ್ಟೆ ಅನ್ನೋದು ಸುಮಾರು 18 ಸಾವಿರ ಅಷ್ಟೇ, ಮಿಕ್ಕಿದ್ದೆಲ್ಲ ಪತಂಗ. ಅಂದ್ರೆ ಲೆಕ್ಕದಲ್ಲಿ ಚಿಟ್ಟೆ ಅನ್ನೋದೇ ಪತಂಗದ ದೊಡ್ಡ ಸಂಸಾರದಲ್ಲಿ ಹಗಲು ಹೊತ್ತು ಓಡಾಡೋ ಒಂದು ಸಣ್ಣ ಕವಲು. ಚಿಟ್ಟೆ ಮೀಸೆ ತುದೀಲಿ ಬೆಂಕಿಕಡ್ಡಿ ಥರ ಗುಂಡಗಿರುತ್ತೆ, ಪತಂಗದ್ದು ಬಾಚಣಿಗೆನೋ ಗರಿನೋ ದಾರನೋ ಥರ. ಹಗಲು ಹಾರೋ ಪತಂಗನೂ ಇವೆ, ಮುಸ್ಸಂಜೇಲಿ ಹಾರೋ ಚಿಟ್ಟೆನೂ ಇವೆ, ಅದಕ್ಕೆ ಮೀಸೆ ನೋಡೋದೇ ಸೇಫು.

ಗೂಡಿನ ವಿಷಯಕ್ಕೆ ಬಂದ್ರೆ ರೇಷ್ಮೆ ಇಬ್ಬರ ಬಾಯಲ್ಲೂ ಇದೆ, ತುಟಿ ಕೆಳಗಿಂದ ಎಳೆ ಬಿಡೋದು ಇಬ್ಬರಿಗೂ ಗೊತ್ತು. ರೇಷ್ಮೆ ಹುಳ ಹಣ್ಣಾದ್ಮೇಲೆ, ಅಂದ್ರೆ ಗೂಡು ಕಟ್ಟೋಕೆ ರೆಡಿಯಾದ್ಮೇಲೆ, ಚಂದ್ರಿಕೆಗೆ (ಗೂಡು ಕಟ್ಟೋಕೆ ಬಿಡೋ ತಟ್ಟಿ) ಹಾಕಿದ್ರೆ ತಲೆ ಆಡಿಸ್ಕೊಂಡು ಸುತ್ತಿ ಸುತ್ತಿ ಒಳ್ಳೆ ಗೂಡಾದ್ರೆ ಒಂದು ಕಿಲೋಮೀಟರ್ ತನಕ ಒಂದೇ ಎಳೆ ನೂಲುತ್ತೆ. ನಮ್ಮ ಕರಿಬೇವಿನ ಹುಳ ಜುಗ್ಗ, ಅದು ಬಳಸಿದ್ದು ಎರಡೇ ಕಡೆ, ಬಾಲದ ತುದಿ ಅಂಟಿಸೋಕೆ ಒಂದು ಚಿಕ್ಕ ಮೆತ್ತೆ, ಸೊಂಟಕ್ಕೆ ಒಂದು ಎಳೆ, ಕರೆಂಟ್ ಕಂಬ ಹತ್ತೋ ಲೈನ್‌ಮನ್ ಬೆಲ್ಟ್ ಇದ್ದಂಗೆ. ಅಷ್ಟರಲ್ಲೇ ಒರಗಿಕೊಂಡು ಒಂದಿನ ಇದ್ದು ಕೊನೇ ಚರ್ಮನೂ ಕಳಚಿ ಹಾಕ್ತು, ಒಳಗಿಂದ ಬಂದಿದ್ದೇ ಪ್ಯೂಪಾ, ಅಂದ್ರೆ ಹುಳ ಚಿಟ್ಟೆ ಆಗೋಕೆ ಮುಂಚೆ ತಿನ್ನದೇ ಸುಮ್ನೆ ಇರೋ ರೂಪ, ಅದರ ಮೇಲೆ ಗೂಡೂ ಇಲ್ಲ ಹೊದಿಕೆನೂ ಇಲ್ಲ. ಹಸಿರು ಕಡ್ಡಿ ಮೇಲೆ ಕೂತಿದ್ದು ಹಸಿರಾಯ್ತು, ಸ್ಟೂಲ್ ಪಕ್ಕ ಒಣ ಕಡ್ಡಿಗೆ ಹೋಗಿದ್ದು ಕಂದು ಬಣ್ಣ. ಇದನ್ನ ಅಮ್ಮನೂ ನೋಡಿರ್ಲಿಲ್ಲ. "ಇಷ್ಟು ಬರಿಮೈಲಿ ಹೆಂಗೆ ಬದುಕುತ್ತೋ" ಅಂತ ದಿನಾ ಬೆಳಿಗ್ಗೆ ಎದ್ದು ಮೊದಲು ಅದನ್ನ ನೋಡೋರು.

11ನೇ ದಿನ ಬೆಳಿಗ್ಗೆ ಏಳು ಗಂಟೆಗೆ ಚಿಟ್ಟೆ ಬಂತು. ಹಿಂದಿನ ರಾತ್ರಿನೇ ಪ್ಯೂಪಾ ಕಪ್ಪಾಗಿ ಒಳಗಿನ ರೆಕ್ಕೆ ಗುರುತು ಕಾಣ್ತಿತ್ತು. ಬಂದಾಗ ರೆಕ್ಕೆ ಒದ್ದೆ ಕರ್ಚೀಫ್ ಮುದ್ದೆ ಥರ, ಮೇಲಕ್ಕೆ ಹತ್ತಿ ನೇತಾಡ್ಕೊಂಡು ಮೈಯೊಳಗಿನ ದ್ರವ ಪಂಪ್ ಮಾಡಿ ಮಾಡಿ ರೆಕ್ಕೆ ಬಿಡಿಸ್ತು. ಸೊಂಡಿಲು ಎರಡು ಸೀಳಾಗಿತ್ತು, ಸುರುಳಿ ಬಿಚ್ಚಿ ಸುತ್ತಿ ಬಿಚ್ಚಿ ಸುತ್ತಿ ಎರಡನ್ನೂ ಜೋಡಿಸ್ಕೊಂಡು ಒಂದು ಸ್ಟ್ರಾ ಮಾಡ್ಕೊಳ್ತು, ನಮ್ಮ ಪಂಜರದ ಜಿಪ್ಪಿಗಿಂತ ಚೆನ್ನಾಗಿ ಕೂತ್ಕೊಳ್ತು ಆ ಜಿಪ್ಪು. ಆಮೇಲೆ ಕೆಂಪಗೆ ಒಂದು ಹನಿ ಕೆಳಗೆ ಬಿತ್ತು, ಮಗ ರಕ್ತ ರಕ್ತ ಅಂತ ಕೂಗಿದ. ರಕ್ತ ಅಲ್ಲ, ಪ್ಯೂಪಾ ಒಳಗಿದ್ದಾಗ ಆದ ಕೊಳೆ ಅದು. ಕೀಟದ ರಕ್ತ ನಮ್ಮ ಥರ ಕೆಂಪಿರಲ್ಲ, ಅದು ಆಕ್ಸಿಜನ್ ಹೊರೋ ಕೆಲಸ ಮಾಡಲ್ಲ, ಗಾಳಿ ಹೋಗೋಕೆ ಮೈ ಪಕ್ಕದಲ್ಲಿ ತೂತುಗಳಿವೆ, ಅಲ್ಲಿಂದ ಕೊಳವೆ ಮೇಲೆ ಕೊಳವೆ. ಸೊಳ್ಳೆ ಹೊಡೆದಾಗ ಕೆಂಪು ಕಾಣುತ್ತಲ್ಲ ಅಂದ್ರೆ, ಅದು ನಿಮ್ಮದೇ ಸ್ವಾಮಿ.

ಇಲ್ಲೇ ಪಂಜರದ ಅತಿ ದೊಡ್ಡ ಡಿಫೆಕ್ಟ್ ಸಿಕ್ಕಿದ್ದು, ಒಂದು ಸ್ಟಾರ್ ಕಟ್ ಮಾಡಿದ್ದು ಇದಕ್ಕೇ. ಎರಡನೇ ಚಿಟ್ಟೆ ಬಂದಾಗ ಬಲೆ ಕಡೆ ಹತ್ತೋ ಬದ್ಲು ಪ್ಲಾಸ್ಟಿಕ್ ಕಡೆ ಹತ್ತಕ್ಕೆ ಹೋಗಿ ಜಾರಿ ಬಿದ್ದು, ನಾವು ನೋಡೋ ಹೊತ್ತಿಗೆ ಕೆಳಗೆ ಬಿದ್ದಲ್ಲೇ ಒಂದು ರೆಕ್ಕೆ ಸೊಟ್ಟಗೆ ಒಣಗಿಹೋಗಿತ್ತು. ರೆಕ್ಕೆ ಒಂದ್ಸಲ ಗಟ್ಟಿಯಾದ್ರೆ ಮುಗೀತು, ಮತ್ತೆ ಸರಿ ಮಾಡೋಕಾಗಲ್ಲ. ಫೋಟೋ ಚೆನ್ನಾಗಿ ಬರ್ಲಿ ಅಂತ ಪ್ಲಾಸ್ಟಿಕ್ ಹಾಕಿದಾರೆ, ಹುಳದ ಅನುಕೂಲಕ್ಕಲ್ಲ. ನಾನು ಆಮೇಲೆ ಒಳಗಡೆಯಿಂದ ಹಳೇ ಕಾಟನ್ ಸೀರೆ ತುಂಡು ಪಿನ್ ಮಾಡಿದೆ, ಮತ್ತೆ ಆ ತೊಂದ್ರೆ ಬರ್ಲಿಲ್ಲ. ನಾಲ್ಕೂ ಕಡೆ ಬಲೆ ಇರೋ ಮಾಡೆಲ್ ಸಿಕ್ರೆ ಅದೇ ತಗೊಳ್ಳಿ.

ಮೊದಲ ಚಿಟ್ಟೆ ಕಥೆ ಮುಗಿದಿಲ್ಲ. ನಾವು ಕಾಯ್ತಿದ್ದಿದ್ದು ಕಪ್ಪು ರೆಕ್ಕೆ, ಬಿಳಿ ಪಟ್ಟಿ. ಬಂದಿದ್ದು ಕಪ್ಪು ರೆಕ್ಕೆ, ಮಧ್ಯೆ ಬಿಳಿ ಮಚ್ಚೆ, ಅಂಚಲ್ಲೆಲ್ಲ ಕೆಂಪು! ಇಡೀ ಮನೆಗೆ ಕನ್‌ಫ್ಯೂಷನ್, ಬೇರೆ ಹುಳ ತಂದ್ವಾ ಅಂತ. ಕಾಮನ್ ಮಾರ್ಮನಲ್ಲಿ ಗಂಡು ಒಂದೇ ಥರ, ಹೆಣ್ಣು ಮೂರು ವೇಷ. ಒಂದು ಗಂಡಿನ ಥರಾನೇ, ಇನ್ನೊಂದು ಕಾಮನ್ ರೋಸ್ ಅನ್ನೋ ಚಿಟ್ಟೆ ಥರ, ಮತ್ತೊಂದು ಕ್ರಿಮ್ಸನ್ ರೋಸ್ ಥರ. ಆ ರೋಸ್‌ಗಳು ಈಶ್ವರಿ ಬಳ್ಳಿ ಜಾತಿ ತಿಂದು ಬೆಳೆದು ವಿಷ ಆಗಿರ್ತವೆ, ಹಕ್ಕಿಗಳು ಮುಟ್ಟಲ್ಲ, ನಮ್ಮ ಕರಿಬೇವಿನವಳು ಬರೀ ಅವರ ಸೀರೆ ಉಟ್ಕೊಂಡು ಓಡಾಡ್ತಾಳೆ, ಒಳಗೆ ವಿಷಗಿಷ ಏನಿಲ್ಲ. ಸಿಕ್ಕಿಹಾಕ್ಕೊಳ್ಳೋದು ಮೈ ಬಣ್ಣದಲ್ಲಿ, ನಿಜವಾದ ರೋಸ್‌ಗೆ ಮೈನೂ ಕೆಂಪು, ಇವಳದ್ದು ಕಪ್ಪು. ಕುಟುಕೋಕೆ ಬರ್ದೇ ಇರೋ ಹೂನೊಣ ಜೇನಿನ ಪಟ್ಟಿ ಹಾಕ್ಕೊಂಡು ಹೆದರಿಸುತ್ತಲ್ಲ, ಅದೇ ನಾಟಕ. ಪ್ರಾಜೆಕ್ಟಲ್ಲಿ ಮಗ ಬರೆದ ಎಲ್ಲದರಲ್ಲಿ ಮಿಸ್ಸು ಸ್ಟಾರ್ ಕೊಟ್ಟಿದ್ದು ಈ ಪ್ಯಾರಾಗೆ ಒಂದಕ್ಕೇ.

ಮಿಕ್ಕ ಹೋಲಿಕೆಗಳಿಗೆ ನಾವು ಎಲ್ಲೂ ಹೋಗ್ಲಿಲ್ಲ, ಮನೇಲೇ ಸ್ಯಾಂಪಲ್ ಇದ್ವು. ಜಿರಳೆ ಮರಿ ನೋಡಿ, ಸಣ್ಣ ಜಿರಳೆ ಥರಾನೇ ಇರುತ್ತೆ, ರೆಕ್ಕೆ ಒಂದಿಲ್ಲ, ಬೆಳೀತಾ ಬೆಳೀತಾ ಜಿರಳೆ ಆಗುತ್ತೆ, ಮಿಡತೆನೂ ಹಂಗೆ, ಮಧ್ಯೆ ಪ್ಯೂಪಾ ಅನ್ನೋ ಬಾಬತ್ತೇ ಇಲ್ಲ. ಚಿಟ್ಟೆ, ನೊಣ, ಜೇನು, ಇರುವೆ, ದುಂಬಿ, ಸೊಳ್ಳೆ ಇವೆಲ್ಲ ನಾಲ್ಕು ಹಂತದವು (ಮೊಟ್ಟೆ, ಮರಿ, ಪ್ಯೂಪಾ, ದೊಡ್ಡದು), ಮರಿಗೂ ದೊಡ್ಡದಕ್ಕೂ ಮುಖ ಹೋಲಿಕೆನೂ ಇರಲ್ಲ, ತಿನ್ನೋದೂ ಬೇರೆ. ಹುಳಕ್ಕೆ ಎಲೆ ಬೇಕು ಚಿಟ್ಟೆಗೆ ಮಕರಂದ ಬೇಕು, ಅಮ್ಮ ಮಕ್ಕಳಿಗೆ ಊಟಕ್ಕೆ ಜಗಳವೇ ಇಲ್ಲ. ರೇಷ್ಮೆ ಚಿಟ್ಟೆ ಅಂತೂ ಊಟನೇ ಮಾಡಲ್ಲ, ಹಾರಕ್ಕೂ ಬರಲ್ಲ, ಮೊಟ್ಟೆ ಇಟ್ಟು ಮುಗಿಸುತ್ತೆ. ಬಾಯಿ ನೋಡಿದ್ರೆ ಜಿರಳೆದು ಅಗಿಯೋ ಬಾಯಿ, ಸೊಳ್ಳೆದು ಸೂಜಿ, ನೊಣದ್ದು ಸ್ಪಾಂಜು, ಚಿಟ್ಟೇದು ಸುರುಳಿ ಸ್ಟ್ರಾ. ರೆಕ್ಕೆ ಚಿಟ್ಟೆಗೆ ನಾಲ್ಕು, ನೊಣ ಸೊಳ್ಳೆಗೆ ಎರಡೇ, ದುಂಬಿಗೆ ನಾಲ್ಕರಲ್ಲಿ ಮುಂದಿನೆರಡು ಗಟ್ಟಿ ಮುಚ್ಚಳ. ಸೊಳ್ಳೆ ಕಿವಿ ಹತ್ರ ಬಂದ್ರೆ ಗುಂಯ್ ಅನ್ನುತ್ತೆ, ಚಿಟ್ಟೆ ಬಂದ್ರೆ ಯಾಕೆ ಸದ್ದಿಲ್ಲ ಅಂತ ಮಗ ಕೇಳಿದ, ಸೊಳ್ಳೆ ಸೆಕೆಂಡಿಗೆ 400ಕ್ಕೂ ಹೆಚ್ಚು ಸಲ ರೆಕ್ಕೆ ಬಡಿಯುತ್ತೆ, ಜೇನು 200 ಚಿಲ್ಲರೆ, ಚಿಟ್ಟೆ ಸುಮಾರು ಹತ್ತು ಸಲ, ಅಷ್ಟು ನಿಧಾನಕ್ಕೆ ಬಡಿದ್ರೆ ನಮ್ಮ ಕಿವಿಗೆ ಎಲ್ಲಿ ಕೇಳುತ್ತೆ.

ಕಾಲಿನ ಒಂದು ಪೇಚು ಇಲ್ಲಿ ಹೇಳ್ಲೇಬೇಕು. ಪುಸ್ತಕದಲ್ಲಿ ಚಿಟ್ಟೆಗೆ ಆರು ಕಾಲು ಅಂತ ಬರೆದು ಪಕ್ಕದಲ್ಲಿ ಮೊನಾರ್ಕ್ ಫೋಟೋ ಹಾಕಿದಾರೆ, ಫೋಟೋದಲ್ಲಿ ನಾಲ್ಕೇ ಕಾಲು. ಮಗ ಬಿಡ್ತಾನಾ. ತಪ್ಪಲ್ಲ ಅದು, ಟೈಗರ್, ಕ್ರೋ, ಮೊನಾರ್ಕ್ ಇರೋ ಆ ದೊಡ್ಡ ಕುಟುಂಬದಲ್ಲಿ ಮುಂದಿನ ಜೊತೆ ಕಾಲು ಬ್ರಷ್ ಥರ ಮೋಟಾಗಿ ಎದೆಗೆ ಒತ್ಕೊಂಡಿರುತ್ತೆ, ನಡಿಯೋಕೆ ಬಳಸಲ್ಲ. ನಮ್ಮ ಕರಿಬೇವಿನದ್ದು ಆರಲ್ಲೂ ನಡಿಯುತ್ತೆ. ಫೋಟೋ ಕೆಳಗೆ ಒಂದು ಲೈನ್ ಬರೆದಿದ್ರೆ ಮುಗೀತಿತ್ತು.

ಈಗ ಒಂದು ಬೇಜಾರಿನ ವಿಷಯ. ನವೆಂಬರಲ್ಲಿ ಮಗ ಕೆಳಗಿನ ಪಾರ್ಕಿನ ನಿಂಬೆ ಗಿಡದಿಂದ ಒಂದು ದೊಡ್ಡ ಹುಳ ತಂದ, ಆಗಲೇ ಐದನೇ ಹಂತ. ಅಮ್ಮ ಅಂಗೈಲಿ ಇಟ್ಕೊಂಡು ನೋಡಿ ಪಕ್ಕೆ ಮೇಲೆ ಒಂದು ಕಪ್ಪು ಚುಕ್ಕಿ ತೋರಿಸಿ "ಇದು ಉಳಿಯಲ್ಲ, ಊಜಿ ಹೊಡೆದಿದೆ" ಅಂದ್ರು. ಊಜಿ ಅಂದ್ರೆ ರೇಷ್ಮೆ ಹುಳದ ಮೈಮೇಲೆ ಮೊಟ್ಟೆ ಇಡೋ ನೊಣ, ಮರಿ ಒಳಗೆ ಕೊರ್ಕೊಂಡು ಹೋಗಿ ತಿಂದು, ಗೂಡು ತೂತು ಮಾಡ್ಕೊಂಡು ಹೊರಗೆ ಬರುತ್ತೆ, ತೂತಾದ ಗೂಡಿಂದ ನೂಲು ತೆಗೆಯೋಕಾಗಲ್ಲ, ಆ ಬೆಳೆ ಹೋದಂಗೆ. 1980ರಲ್ಲಿ ಬಂಗಾಳದ ಕಡೆಯಿಂದ ಕರ್ನಾಟಕಕ್ಕೆ ಬಂತು ಆ ನೊಣ, ಅಮ್ಮಂಗೆ ಆಗ ಹದಿನೇಳು ವರ್ಷ, ಆಮೇಲೇ ಎಲ್ಲಾ ಹುಳದ ಮನೆ ಕಿಟಕಿಗೂ ಪರದೆ ಬಂದಿದ್ದು. ನಮ್ಮ ನಿಂಬೆ ಹುಳ ಪ್ಯೂಪಾ ಆಯ್ತು, ನಾನು ಅಮ್ಮ ಹೇಳಿದ್ದು ಸುಳ್ಳಾಯ್ತು ಅಂದ್ಕೊಂಡೆ. ಒಂದು ವಾರಕ್ಕೆ ಪ್ಯೂಪಾದಿಂದ ಬಿಳಿ ದಾರ ಇಳೀತು, ಕೆಳಗೆ ಒಂದು ಹುಳ ಬಿದ್ದು ಕಂದು ಕಾಳಾಯ್ತು, ಹತ್ತು ಹನ್ನೆರಡು ದಿನಕ್ಕೆ ಅದರಿಂದ ಬೂದು ನೊಣ. ಅದು ಊಜಿನೇ ಅಂತ ಹೇಳಲ್ಲ, ಊಜಿಯ ದಾಯಾದಿ ಯಾವ್ದೋ. ಮಗ ಅಳ್ತಾನೆ ಅಂದ್ಕೊಂಡ್ರೆ ಅವನು ನೋಟ್‌ಬುಕ್ ತಗೊಂಡು "ನೊಣನೂ ನಾಲ್ಕು ಹಂತ, ಅದೂ ಪ್ಯೂಪಾ ಆಗುತ್ತೆ, ಆದರೆ ಬೇರೆಯವರ ಪ್ಯೂಪಾ ಒಳಗೆ ಬೆಳೆಯುತ್ತೆ" ಅಂತ ಬರ್ಕೊಂಡ. ಪಾಠ ಪಂಜರದ ಮಟ್ಟಿಗೆ ಏನಂದ್ರೆ ಮೊಟ್ಟೆ ಇದ್ದಾಗಲೇ ಅಥವಾ ಮರಿ ತೀರಾ ಚಿಕ್ಕದಿದ್ದಾಗಲೇ ಒಳಗಿಡಿ, ದೊಡ್ಡ ಹುಳ ತಂದ್ರೆ ಬಲೆ ಏನೂ ಮಾಡೋಕಾಗಲ್ಲ, ಕಳ್ಳ ಆಗಲೇ ಮನೆ ಒಳಗಿರ್ತಾನೆ.

ಇನ್ನೊಂದು ನಷ್ಟ ಪೂರ್ತಿ ನಮ್ಮದೇ ತಪ್ಪು. ಕರಿಬೇವು ಖಾಲಿಯಾಗ್ತಾ ಬಂತು ಅಂತ ಒಂದು ನರ್ಸರೀಲಿ ನಿಂಬೆ ಗಿಡ ತಂದೆ, ಔಷಧಿ ಹೊಡೆದಿಲ್ಲ ತಾನೇ ಅಂತ ಮೂರು ಸಲ ಕೇಳಿದೆ, ಇಲ್ಲ ಮೇಡಂ ಪ್ಯೂರ್ ಆರ್ಗ್ಯಾನಿಕ್ ಅಂದ್ರು. ಎಲೆ ತೊಳೆದೇ ಹಾಕಿದ್ದು, ಎರಡನೇ ದಿನಕ್ಕೆ ನಾಲ್ಕೂ ಮರಿ ಕಪ್ಪಗೆ ಮುದುಡಿ ಬಿದ್ದಿದ್ವು. ಬೇರಿಂದ ಏರಿ ಎಲೆ ಒಳಗೇ ಸೇರೋ ಔಷಧಿಗಳಿವೆ, ಅವು ತೊಳೆದ್ರೆ ಹೋಗಲ್ಲ. ಅವತ್ತಿಂದ ಮಾರ್ಕೆಟ್ ಕರಿಬೇವಿನ ಕಟ್ಟನ್ನೂ ಹುಳಕ್ಕೆ ಹಾಕಲ್ಲ. ನಾವು ಮಾತ್ರ ದಿನಾ ಒಗ್ಗರಣೆಗೆ ಹಾಕ್ತೀವಿ, ಅದನ್ನ ಯೋಚ್ನೆ ಮಾಡ್ಬಾರ್ದು ಅಂತ ಡಿಸೈಡ್ ಮಾಡಿದೀನಿ.

ಪಂಜರದ ಬಾಕಿ ವಿಷಯ ಬೇಗ ಹೇಳ್ತೀನಿ. ಬಲೆ ಗಟ್ಟಿ, ಹರಿದಿಲ್ಲ, ತೊಳೆದ್ರೆ ಅರ್ಧ ಗಂಟೇಲಿ ಒಣಗುತ್ತೆ. ಜಿಪ್ಪು ಮೂರನೇ ತಿಂಗಳಿಗೆ ಕೈಕೊಡ್ತು, ಈಗ ಸೇಫ್ಟಿ ಪಿನ್ನು. ಡ್ರಾಪರ್ ಯಾವ ಉಪಯೋಗಕ್ಕೂ ಬರ್ಲಿಲ್ಲ, ಸಕ್ಕರೆ ನೀರು ಕುಡಿಸಿ ಅಂತ ಕೊಟ್ಟಿದಾರೆ, ರೆಕ್ಕೆ ಒಣಗಿ ಬಿಸಿಲು ಬಂದ ತಕ್ಷಣ ಬಿಟ್ರೆ ಅದೇ ಹೋಗಿ ಕುಡಿಯುತ್ತೆ. ಬಿಸಿಲು ಬರೋ ತನಕ ಬಿಡ್ಬೇಡಿ, ಮೈ ಕಾಯ್ದೇ ಇದ್ರೆ ಅದರ ಹಾರೋ ಸ್ನಾಯು ಕೆಲಸ ಮಾಡಲ್ಲ. ಬಿಡೋವಾಗ ರೆಕ್ಕೆ ಹಿಡೀಬೇಡಿ, ಬೆರಳಿಗೆ ಅಂಟೋ ಹುಡಿ ಅದರ ಮೈಮೇಲಿನ ಚಿಕ್ಕ ಚಿಕ್ಕ ಹೆಂಚು, ಬಣ್ಣ ಎಲ್ಲ ಅದರಲ್ಲೇ ಇರೋದು, ಒಂದ್ಸಲ ಹೋದ್ರೆ ಮತ್ತೆ ಹುಟ್ಟಲ್ಲ. ಗಿಡ ಇಲ್ದೋರು, ಟೈಮ್ ಇಲ್ದೋರು ಈ ಪಂಜರ ತಗೊಳ್ಳೋಕೆ ಹೋಗ್ಬೇಡಿ, ಸುಮ್ನೆ ಒಂದು ಭಾನುವಾರ ಬೆಳಿಗ್ಗೆ ಮಕ್ಕಳನ್ನ ಬನ್ನೇರುಘಟ್ಟದ ಚಿಟ್ಟೆ ಪಾರ್ಕಿಗೆ ಕರ್ಕೊಂಡು ಹೋಗಿ, 2006ರಿಂದ ಇದೆ ಅದು. ಒಂದು ಕುಂಡದಲ್ಲಿ ಔಷಧಿ ಕಾಣದ ಕರಿಬೇವು ಇದ್ರೆ ಧಾರಾಳವಾಗಿ ತಗೊಳ್ಳಿ. ಆರು ತಿಂಗಳಲ್ಲಿ ನಮ್ಮನೇಲಿ 14 ಹುಳ ಒಳಗೆ ಹೋಯ್ತು, 8 ಚಿಟ್ಟೆ ಹಾರಿದ್ವು, ಬಿಟ್ಟಿದ್ರೆ ಅಷ್ಟೂ ಇರುವೆ, ಹಲ್ಲಿ, ಕಣಜದ ಪಾಲು.

ಈಗ ಸದ್ಯಕ್ಕೆ ಪಂಜರ ಖಾಲಿ ಇಲ್ಲ. ಅಮ್ಮ ಅದನ್ನ ಟೆರೇಸಿಗೆ ತಗೊಂಡು ಹೋಗಿ ಒಳಗೆ ಎರಡು ತಟ್ಟೆ ಅರಳು ಸಂಡಿಗೆ ಒಣಗಿಸೋಕೆ ಇಟ್ಟಿದಾರೆ, ನೊಣ ಇಲ್ಲ ಧೂಳಿಲ್ಲ ಕಾಗೆ ಕಾಟ ಇಲ್ಲ, 649 ಈಗ ಜಾಸ್ತಿ ಅಲ್ಲ ಬಿಡು ಅಂತಿದಾರೆ. ನಿನ್ನೆ ಕರಿಬೇವಿನ ಚಿಗುರಲ್ಲಿ ಮತ್ತೆ ಎರಡು ಹಳದಿ ಮೊಟ್ಟೆ ಕಂಡಿದೆ, ಪಂಜರ ಕೊಡಮ್ಮ ಅಂದ್ರೆ ಸಂಡಿಗೆಗೆ ಇನ್ನೊಂದು ಬಿಸಿಲು ಬೇಕಂತೆ.